ಗುಣಾಕಾರ ಬಾರದ ಚಿಪ್

ಬ್ಯಾಟರಿ ಸೋರಿರಬಹುದು. ಸೋರಿಲ್ಲದಿದ್ದರೆ ನಾನೇ ಅದನ್ನು ಹಿಂದುಮುಂದಾಗಿ ಹಾಕಬಹುದು. ಸರಿಯಾಗಿ ಹಾಕಿದರೂ ಹಿಂಬದಿಯ ಮುಚ್ಚಳ ಕಳಚಿ, ಸಮಿತಿಯವರ ಎದುರಿಗೆ ನಾಲ್ಕೂ ಬ್ಯಾಟರಿ ನೆಲಕ್ಕೆ ಉರುಳಿ, ಒಂದು ಮಾತ್ರ ಅಧ್ಯಕ್ಷರ ಕುರ್ಚಿಯಡಿ ಸೇರಿಕೊಂಡು, ಅದನ್ನು ಎತ್ತಲು ಬಗ್ಗಿದ ನನಗೆ ಸೊಂಟ ಹಿಡಿದುಕೊಳ್ಳಬಹುದು. ಕರೆಂಟು ಹೋಗಬಹುದು. ಆಟದ ಯಂತ್ರಕ್ಕೆ ಕರೆಂಟು ಬೇಡ, ನಿಜ, ಆದರೆ ಅದರ ಅಂಗೈಯಗಲದ ಪರದೆಯನ್ನು ಗೋಡೆಯ ಮೇಲೆ ದೊಡ್ಡದು ಮಾಡಿ ತೋರಿಸುವ ಪ್ರೊಜೆಕ್ಟರಿಗೆ ಬೇಕು. ಕರೆಂಟಿದ್ದು ಪ್ರೊಜೆಕ್ಟರು ಕೈಕೊಡಬಹುದು. ಕುರುಬರಹಳ್ಳಿ ಸರ್ಕಲ್ಲಿನಲ್ಲಿ ಯಾರಾದರೂ ನನ್ನ ಸ್ಕೂಟರಿಗೆ ಗುದ್ದಿ, ನನಗೇನೂ ಆಗದೆ ಚೀಲಕ್ಕೆ ಮಾತ್ರ ಪೆಟ್ಟಾಗಬಹುದು. ಪ್ರೋಗ್ರಾಮು ಬರೆದ ಹುಡುಗಿಗೆ ಕೆಂಗೇರಿಯಲ್ಲಿ ಬಸ್ಸು ಸಿಗದಿರಬಹುದು, ಸಿಕ್ಕರೂ ಮಾಗಡಿ ರಸ್ತೆಯಲ್ಲಿ ಅದು ನಿಂತೇ ಇರಬಹುದು. ಎಲ್ಲವೂ ಸರಿಯಾಗಿ ನಡೆದು, ಬಾಯಿ ತೆರೆದೊಡನೆ ನನಗೆ ಕೆಮ್ಮು ಶುರುವಾಗಬಹುದು. ಕೊನೆಗೆ, ಸಮಿತಿಯವರೇ ಬರದಿರಬಹುದು. ಒಳಗೊಳಗೆ ನಾನು ಬಯಸಿದ್ದು ಅದನ್ನೇ ಎಂದು ಈಗ ಅನ್ನಿಸುತ್ತದೆ.

ನಾನು ಬಸವೇಶ್ವರನಗರದ ಕಡೆಯ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಮೈಕ್ರೊಪ್ರೊಸೆಸರ್ ಪಾಠ ಮಾಡುತ್ತಿದ್ದೆ. ನನ್ನ ತಲೆಗೂದಲು ಕಪ್ಪಗಿದ್ದಾಗ ಆ ಪಾಠಕ್ಕೆ ಗೌರವವಿತ್ತು. ಕೂದಲು ಹೋದಂತೆ ಗೌರವವೂ ಹೋಯಿತು, ಯಾವುದು ಮೊದಲು ಹೋಯಿತೆಂದು ಖಚಿತವಾಗಿ ಹೇಳಲಾರೆ. ಹೋದ ವರ್ಷ ಆಡಳಿತ ಮಂಡಳಿಗೆ ನಮ್ಮ ಲ್ಯಾಬಿನ ಮೇಲೆ ಕಣ್ಣು ಬಿತ್ತು. ನೆಲಮಹಡಿ, ರಸ್ತೆಗೆ ಮುಖ, ಎರಡು ಕಡೆ ಕಿಟಕಿ. ಅಲ್ಲಿ ಗಾಜಿನ ಗೋಡೆ ಹಾಕಿಸಿ, ಬಣ್ಣಬಣ್ಣದ ಕುರ್ಚಿ ಇಡಿಸಿ, 'ಇನ್ನೊವೇಶನ್ ಹಬ್' ಅಂತ ಬೋರ್ಡು ತೂಗಿದರೆ ಸೇರಲು ಬರುವ ಮಕ್ಕಳ ತಂದೆತಾಯಿಗೆ ಬಾಗಿಲಲ್ಲೇ ಕಾಣುತ್ತದೆ ಎನ್ನುವುದು ಅವರ ಲೆಕ್ಕಾಚಾರ. ನಾನು ಒಂದು ಅವಕಾಶ ಕೇಳಿದೆ. ಮಂಡಳಿಯ ಸಮಿತಿ ಬಂದು ಒಂದು ಪ್ರಾತ್ಯಕ್ಷಿಕೆ ನೋಡಲಿ, ಆಮೇಲೆ ತೀರ್ಮಾನ ಮಾಡಲಿ ಅಂದೆ. ಲ್ಯಾಬು ಉಳಿದರೆ ಪಾಠ ಉಳಿಯುತ್ತಿತ್ತು. ಉಳಿಯದಿದ್ದರೆ ನನ್ನನ್ನು ಅಡ್ಮಿಷನ್ ವಿಭಾಗಕ್ಕೆ ಕಳಿಸುವುದೆಂದು ಪ್ರಿನ್ಸಿಪಾಲರು ಆಗಲೇ ತುಂಬ ಮೃದುವಾಗಿ ಹೇಳಿದ್ದರು. ಅಲ್ಲಿ ಕೂತು ಎಸ್ಸೆಸ್ಸೆಲ್ಸಿ ಪಾಸಾದವರ ಮನೆಗಳಿಗೆ ಫೋನು ಮಾಡಬೇಕು. ಯಾರಾದರೂ ಫೋನೆತ್ತಿದರೆ ಗಾಬರಿಯಾಗುವ ಮನುಷ್ಯ ನಾನು.

ಪ್ರಾತ್ಯಕ್ಷಿಕೆಗೆ ಆರಿಸಿಕೊಂಡದ್ದು ಒಂದು ಹಳೇ ಆಟದ ಯಂತ್ರ. ಕೈಯಲ್ಲಿ ಹಿಡಿದು ಆಡುವಂಥದ್ದು, ಇಟ್ಟಿಗೆಯಷ್ಟು ದಪ್ಪ, ಬೂದು ಬಣ್ಣ, ಸುಲಿದ ಅವರೆಕಾಳಿನ ಸಿಪ್ಪೆಯ ಬಣ್ಣದ ಪರದೆ. ಆಟ ಇರುವುದು ಯಂತ್ರದಲ್ಲಲ್ಲ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ ತುಂಡಿನಲ್ಲಿ. ಯಂತ್ರದ ನೆತ್ತಿಯ ಮೇಲೊಂದು ಸೀಳಿರುತ್ತದೆ, ಅದಕ್ಕೆ ಈ ತುಂಡನ್ನು ತೂರಿಸಿ ಸ್ವಿಚ್ಚು ಹಾಕಬೇಕು.

ಅದನ್ನು ಸಿಂಗಪುರದಿಂದ ತಂದುಕೊಟ್ಟವನು ನನ್ನ ಸೋದರಮಾವ. ನಾವಾಗ ರಾಜಾಜಿನಗರದಲ್ಲಿ ಬಾಡಿಗೆಗೆ ಇದ್ದೆವು, ನಾನು ಪಿಯುಸಿ ಓದುತ್ತಿದ್ದೆ. ಮಾವನ ಎಣಿಕೆಯಲ್ಲಿ ನಾನಿನ್ನೂ ಚಡ್ಡಿ ಹಾಕುವ ಹುಡುಗ. ಅವನು ವಿಮಾನ ಹತ್ತಿದಾಗ ಇದ್ದಷ್ಟೇ ಇದ್ದೇನೆಂದು ನಂಬಿಕೊಂಡು ತಂದಿದ್ದ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೀಸೆ ಬಂದೋನಿಗೆ ಗಿಲಕಿ ತಂದಿದೀಯಲ್ಲಯ್ಯಾ" ಅಂದರು. ನಾನು ಆಡಲಿಲ್ಲ, ಬಿಚ್ಚಿದೆ. ಹಿಂಬದಿಯ ತಿರುಪುಗಳಿಗೆ ಮೂರು ರೆಕ್ಕೆ, ನಮ್ಮಲ್ಲಿ ಸಿಗುವ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರುವುದಿಲ್ಲ. ಬಾಲ್‌ಪೆನ್ನಿನ ಹಿಂತುದಿಯನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ, ತಿರುಪಿನ ತಲೆಗೆ ಒತ್ತಿ, ಆರಲು ಬಿಟ್ಟು ತಿರುಗಿಸಿದೆ. ಒಳಗೆ ಚೌಕಾಕಾರದ ಒಂದು ಕಪ್ಪು ಚಿಪ್, ಸುತ್ತ ನವಿರಾದ ಕಾಲುಗಳು. ಎಣಿಕೆ, ಆಟದ ಸದ್ದು, ಚಿತ್ರ ಎಲ್ಲವನ್ನೂ ನೋಡಿಕೊಳ್ಳುವ ಪ್ರೊಸೆಸರ್ ಇದೇ ಎಂದು ತಿಳಿಯಲು ಮತ್ತೆ ಕೆಲವು ವರ್ಷ ಬೇಕಾಯಿತು. ಆ ದಿನ ಮಾತ್ರ ಮುಚ್ಚಳ ಮುಚ್ಚಿ, ಕೆಟ್ಟಿರಬಹುದೆಂಬ ಭಯದಲ್ಲಿ ಅದನ್ನು ಒಂದು ವಾರ ಆನ್ ಮಾಡಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಆ ಚಿಪ್ಪಿನ ಪರಿಚಯ ನಿಜವಾಗಿ ಆಯಿತು. ನಾನು ಪಾಠ ಮಾಡುವ ಪ್ರೊಸೆಸರಾದ ಏಟಿ ಏಟಿಫೈವ್‌ಗೆ ಅದು ದಾಯಾದಿ. ಒಂದೇ ಮನೆತನ, ಒಂದಿಷ್ಟು ಮಾತು ಬೇರೆ. ಏಟಿ ಏಟಿಫೈವ್ ಕಲಿತ ವಿದ್ಯಾರ್ಥಿ ಅದರ ಪ್ರೋಗ್ರಾಮನ್ನು ಓದುತ್ತ ಹೋದರೆ ಚಿಕ್ಕಪ್ಪನ ಮನೆಗೆ ಹೋದ ಹಾಗೆ, ಅಡುಗೆಮನೆ ಎಲ್ಲಿದೆಯೆಂದು ಕೇಳಬೇಕಾಗಿಲ್ಲ. ಇಡೀ ಯಂತ್ರದ ಕೆಲಸದ ನೆನಪು ಎಂಟು ಕಿಲೋಬೈಟು. ಇವತ್ತು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಶುಭೋದಯದ ಒಂದು ಹೂವಿನ ಚಿತ್ರಕ್ಕೂ ಅದು ಸಾಲದು. ಗುಣಾಕಾರ ಅದಕ್ಕೆ ಬರುವುದಿಲ್ಲ. ಏಳೆಂಟಲೆ ಎಷ್ಟೆಂದರೆ ಏಳನ್ನು ಎಂಟು ಸಲ ಕೂಡಿಸಿ ಹೇಳಬೇಕು. ಇದನ್ನು ಹೆಂಡತಿಗೆ ಹೇಳಿದಾಗ, ವಿಜಯನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಅವಳು, "ನಮ್ ಏಳನೇ ಕ್ಲಾಸಲ್ಲಿ ಅಂಥವು ಒಂದಿಪ್ಪತ್ತಿವೆ, ಬೇಕಾದ್ರೆ ಕರ್ಕೊಂಡ್ ಹೋಗಿ" ಅಂದಳು.

ಆದರೆ ನನಗೆ ಅದರ ಮೇಲೆ ಹೊಟ್ಟೆಕಿಚ್ಚು ಬರುವ ವಿಷಯ ಒಂದಿದೆ. ಅದಕ್ಕೆ 'ಹಾಲ್ಟ್' ಎಂಬ ಒಂದು ಆಜ್ಞೆ ಗೊತ್ತು. ಪರದೆಯ ಮೇಲೆ ಒಂದು ಚಿತ್ರ ಮುಗಿಸಿ, ಮುಂದಿನ ಚಿತ್ರಕ್ಕೆ ಇನ್ನೂ ಹೊತ್ತಿದೆ ಎಂದರೆ ಆ ಆಜ್ಞೆ ಓದಿ ನಿದ್ದೆಗೆ ಜಾರುತ್ತದೆ. ಹೊತ್ತಾದಾಗ ಯಾರೋ ಬೆನ್ನು ತಟ್ಟಿದಂತೆ ಏಳುತ್ತದೆ. ಅಷ್ಟು ಸಣ್ಣ ಅವಧಿಯಲ್ಲಿ ನಿದ್ದೆ ಮಾಡುವ ಧೈರ್ಯ ಯಾರಿಗಿದೆ? ಬ್ಯಾಟರಿ ಉಳಿಯುವುದು ಇದರಿಂದ. ನನ್ನ ಬ್ಯಾಟರಿ ಉಳಿಯದಿರುವುದೂ ಇದು ಬಾರದ್ದರಿಂದ.

ತರಗತಿಯಲ್ಲಿ ಇದನ್ನು ಕುಕ್ಕರಿನಿಂದ ಹೇಳಿಕೊಡುತ್ತಿದ್ದೆ. "ಕುಕ್ಕರ್ ಇಟ್ಟು ಅರ್ಧರ್ಧ ನಿಮಿಷಕ್ಕೂ ಅಡುಗೆಮನೆಗೆ ಹೋಗಿ ಆಯ್ತಾ ಆಯ್ತಾ ಅಂತ ನೋಡೋದು ಪೋಲಿಂಗ್. ಪೇಪರ್ ಓದ್ತಾ ಕೂತು, ಸೀಟಿ ಹೊಡೆದಾಗ ಎದ್ದು ಹೋಗೋದು ಇಂಟರಪ್ಟ್."

ಒಮ್ಮೆ ಹಿಂದಿನ ಬೆಂಚಿನವನೊಬ್ಬ ಕೇಳಿದ, "ಸಾರ್, ನೀವ್ ಯಾವ್ದು ಸಾರ್?"

"ನಾನು ಕುಕ್ಕರ್ ಪಕ್ಕದಲ್ಲೇ ನಿಂತಿರ್ತೀನಿ ಕಣೋ. ಸೀಟಿ ಬಂದ್ಮೇಲೂ ಅದು ನಮ್ಮನೇದಾ ಪಕ್ಕದ್ಮನೇದಾ ಅಂತ ಕೇಳ್ತಿರ್ತೀನಿ."

ತರಗತಿ ನಕ್ಕಿತು. ಅವನು ಮಾತ್ರ ಬಿಡಲಿಲ್ಲ. "ಅದಕ್ಕೇ ಸಾರ್, ನೀವು ಅಟೆಂಡೆನ್ಸ್ ಎರಡ್ ಸಲ ತಗೋಳೋದು."

ಸಮಿತಿಯ ಮುಂದಿನ ಪ್ರಾತ್ಯಕ್ಷಿಕೆಗೆ ಪ್ರೋಗ್ರಾಮು ಬರೆದದ್ದು ಕೊನೆಯ ವರ್ಷದ ಒಬ್ಬ ಹುಡುಗಿ, ದಿನವೂ ಕೆಂಗೇರಿಯಿಂದ ಬಂದುಹೋಗುವವಳು. ಬರೆದು ಅಳಿಸಬಹುದಾದ ಒಂದು ಖಾಲಿ ಕಾರ್ಟ್ರಿಜ್ ತರಿಸಿದ್ದೆ, ಅದಕ್ಕೆ ಅವಳು ತನ್ನದೇ ಆಟ ತುಂಬಿದ್ದಳು. ಆಟವೆಂದರೆ ಒಂದು ಬಸ್ಸು. ಅದು ಕೆಂಗೇರಿಯಿಂದ ಹೊರಡುತ್ತದೆ, ನಿಲ್ದಾಣಗಳಲ್ಲಿ ಜನ ಹತ್ತುತ್ತಾರೆ, ಬಾಗಿಲಲ್ಲಿ ನೇತಾಡುವವರನ್ನು ಆಡುವವರು ಗುಂಡಿ ಒತ್ತಿ ಒತ್ತಿ ಒಳಗೆ ತಳ್ಳಬೇಕು, ಎಲ್ಲರೂ ಒಳಗಾಗದೆ ಬಸ್ಸು ಕದಲುವುದಿಲ್ಲ. ಎಷ್ಟು ಜನ ಹಿಡಿಯುತ್ತಾರೆ ಎಂಬ ಲೆಕ್ಕಕ್ಕೆ ಗುಣಾಕಾರ ಬೇಕಿತ್ತು, ಅವಳು ಕೂಡುತ್ತ ಕೂಡುತ್ತ ಅದನ್ನು ಸಾಧಿಸಿದ್ದಳು. ಎಲ್ಲಿಯೂ ಒಂದು ಬೈಟು ಪೋಲಾಗಿರಲಿಲ್ಲ. ನಾನು ಪಾಠಕ್ಕೆ ಸೇರಿದಂದಿನಿಂದ ನೋಡಿದ ಅತ್ಯಂತ ಅಚ್ಚುಕಟ್ಟಾದ ಪ್ರೋಗ್ರಾಮು ಅದು. ನಾನದನ್ನು ಅವಳಿಗೆ ಹೇಳಲಿಲ್ಲ. ಹೊಗಳಿದರೆ ಏನಾದರೂ ಕೆಡಬಹುದೆಂದು, "ಇನ್ನೊಂದ್ ಸಲ ಚೆಕ್ ಮಾಡಮ್ಮ" ಅಂದೆ. ಅವಳು ಮಾಡಿದಳು. ಮತ್ತೊಮ್ಮೆ ಅಂದೆ. "ಸಾರ್, ಇನ್ನೂ ಚೆಕ್ ಮಾಡಿದ್ರೆ ಸವೆದೋಗತ್ತೆ" ಅಂದಳು.

ಪ್ರಾತ್ಯಕ್ಷಿಕೆಯ ಹಿಂದಿನ ಸಂಜೆ ಮನೆಯಲ್ಲಿ ನಾನು ಚೀಲ ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ. ಹೆಂಡತಿ ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು.

"ರೀ, ಅದು ಅಲ್ಲೇ ಇರತ್ತೆ. ಎದ್ದು ಮಹಾಲಕ್ಷ್ಮಿ ಲೇಔಟ್‌ಗೆ ವಾಕಿಂಗ್ ಹೋಗಲ್ಲ."

"ನಿನಗೇನ್ ಗೊತ್ತು ಕಣೇ. ನಾಳೆ ಇದು ಓಡ್ಲಿಲ್ಲ ಅಂದ್ರೆ ಲ್ಯಾಬ್ ಹೋಯ್ತು."

"ಓಡತ್ತೆ."

"ಓಡ್ದೇ ಇದ್ರೆ?"

"ಮದುವೆ ದಿನ ತಾಳಿ ಕಟ್ಟೋಕ್ ಮುಂಚೆ ನೀವು ಅದನ್ನ ಹಿಡಿದು, ಗಂಟು ನಿಲ್ಲತ್ತಾ ಅಂತ ಪುರೋಹಿತರನ್ನ ಕೇಳಿದ್ರಿ. ನಿಂತಿದೆಯಲ್ಲ. ಊಟ ಮಾಡಿ."

ಊಟ ಮಾಡಿದೆ. ಬೀಗ ಜಗ್ಗಿ ನೋಡಿ ಮಲಗಿದೆ. ಅಪ್ಪನಿಂದ ನನಗೆ ಬಂದ ಆಸ್ತಿ ಅದೊಂದೇ, ಬೀಗ ಜಗ್ಗುವುದು.

ಬೆಳಗ್ಗೆ ಯಾರೂ ನನಗೆ ಗುದ್ದಲಿಲ್ಲ. ಕುರುಬರಹಳ್ಳಿ ಸರ್ಕಲ್ಲಿನಲ್ಲಿ ಒಬ್ಬ ಆಟೋದವನು ತಾನಾಗಿ ನಿಂತು ಹೋಗಿ ಎಂದು ಕೈಬೀಸಿದ. ನಾನು ಅನುಮಾನದಿಂದ ಅವನ ಮುಖ ನೋಡಿದೆ. ಹುಡುಗಿ ನನಗಿಂತ ಮೊದಲೇ ಬಂದು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಟಿಫನ್ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು. ಕರೆಂಟು ಇತ್ತು. ಪ್ರೊಜೆಕ್ಟರು ಒಂದೇ ಸಲಕ್ಕೆ ಬೆಳಗಿತು. ಬ್ಯಾಟರಿಗಳನ್ನು ಒಂದೊಂದಾಗಿ ಹಾಕಿದೆ, ಮುಚ್ಚಳ ಟಪ್ಪೆಂದು ಕೂತಿತು. ಮೊದಲೇ ಒಮ್ಮೆ ಆನ್ ಮಾಡಿ ನೋಡೋಣವೆಂದು ಹುಡುಗಿ ಅಂದಳು. ನಾನು ಬೇಡವೆಂದೆ. ಬ್ಯಾಟರಿ ವ್ಯರ್ಥವಾಗುತ್ತದೆ ಎಂದೆ. ಜೀವನವಿಡೀ ಎರಡೆರಡು ಸಲ ನೋಡಿದವನು ಆ ಒಂದು ಸಲ ನೋಡಲಿಲ್ಲ.

ಸಮಿತಿ ಬಂತು. ಅಧ್ಯಕ್ಷರು, ಅವರ ಜೊತೆ ಇಬ್ಬರು, ಹಿಂದೆ ಪ್ರಿನ್ಸಿಪಾಲರು. ಬಾಗಿಲಲ್ಲಿ ಹಾಕಿದ್ದ ಶಾಲುಗಳು ಇನ್ನೂ ಅವರ ಹೆಗಲ ಮೇಲೇ ಇದ್ದವು. ಅಧ್ಯಕ್ಷರು ಕಿಟಕಿಗಳ ಕಡೆ ನೋಡಿ, "ಒಳ್ಳೇ ಬೆಳಕು" ಅಂದರು. ನಾನು ಮಾತು ಶುರುಮಾಡಿದೆ. ಕೆಮ್ಮು ಬರಲಿಲ್ಲ. ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು. ಗುಣಾಕಾರ ಬಾರದ ಈ ಚಿಪ್ಪಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ನಮ್ಮ ಹುಡುಗಿಗೆ ಕೊನೆಯ ಬೈಟಿನವರೆಗೆ ಗೊತ್ತು, ಹೊಸ ಫೋನಿನೊಳಗೆ ಏನು ನಡೆಯುತ್ತದೆ ಎಂದು ಮಾಡಿದವರಲ್ಲಿಯೂ ಒಬ್ಬರಿಗೇ ಪೂರಾ ಗೊತ್ತಿರುವುದಿಲ್ಲ, ಕಲಿಯುವುದು ಇಂಥದ್ದರಿಂದಲೇ ಎಂದೆ. ಅಧ್ಯಕ್ಷರು ತಲೆಯಾಡಿಸಿದರು. ನಿಜವಾಗಿ ಆಡಿಸಿದರು, ನಾನು ನೋಡಿದೆ. ಹುಡುಗಿ ಕಾರ್ಟ್ರಿಜ್ ತೂರಿಸಿ ಸ್ವಿಚ್ಚು ಹಾಕಿದಳು.

ಕೆಂಪು ದೀಪ ಹತ್ತಿತು. ಗೋಡೆಯ ಮೇಲೆ ಅವರೆಸಿಪ್ಪೆ ಬಣ್ಣದ ಪರದೆ ಮೂಡಿತು. ಮೇಲಿನಿಂದ ನಿಧಾನವಾಗಿ ಇಳಿಯಬೇಕಾದ ಕಂಪನಿಯ ಹೆಸರಿನ ಬದಲು ಚೂರುಚೂರಾದ ಕರಿಗೀಟುಗಳು ಇಳಿದು ಬಂದು ನಡುವೆ ನಿಂತವು. ಅಷ್ಟೇ. ಬಸ್ಸು ಬರಲಿಲ್ಲ.

"ಆಫ್ ಮಾಡಿ ಆನ್ ಮಾಡ್ತೀನಿ ಸಾರ್" ಎಂದು ಹುಡುಗಿ ಮಾಡಿದಳು. ಮತ್ತೆ ಕರಿಗೀಟು.

ಏನಾಗಿದೆಯೆಂದು ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ಗೊತ್ತಾದ ಖುಷಿಯೇ ನನ್ನನ್ನು ತಪ್ಪು ದಾರಿ ಹಿಡಿಸಿತು. ಒರೆಸುವುದು ಬಿಟ್ಟು ಪಾಠ ಶುರುಮಾಡಿದೆ. "ನೋಡಿ ಸಾರ್, ಇದೇ ಇದರ ಸ್ವಾರಸ್ಯ. ಸ್ವಿಚ್ ಹಾಕಿದ ತಕ್ಷಣ ಈ ಪ್ರೊಸೆಸರ್ ಆಟ ಶುರುಮಾಡಲ್ಲ. ಕಾರ್ಟ್ರಿಜ್‌ನಲ್ಲಿರೋ ಹೆಸರಿನ ಚಿತ್ರನ, ತನ್ನೊಳಗೆ ಬರೆದಿರೋ ಚಿತ್ರದ ಜೊತೆ ಹೋಲಿಸಿ ನೋಡತ್ತೆ. ನಲವತ್ತೆಂಟು ಬೈಟು, ಒಂದೊಂದಾಗಿ. ಒಂದೇ ಒಂದು ವ್ಯತ್ಯಾಸ ಆದ್ರೂ ಮುಂದಕ್ ಹೋಗಲ್ಲ. ಕಾರ್ಟ್ರಿಜ್‌ನ ಕಾಲಿಗೆ ಎಲ್ಲೋ ಒಂದ್ ಚೂರು ಧೂಳು ಕೂತಿದೆ, ಅಷ್ಟೇ."

"ಅಂದ್ರೆ ಆನ್ ಆಗಿದೆ, ಓಡ್ತಿಲ್ಲ" ಅಂದರು ಅಧ್ಯಕ್ಷರು.

"ಓಡ್ತಿಲ್ಲ ಅಂತಲ್ಲ ಸಾರ್. ಖಾತ್ರಿ ಆಗೋವರ್ಗೂ ಓಡಲ್ಲ ಅಂತ ನಿಂತಿದೆ."

"ನಮ್ ಡ್ರೈವರ್ ಥರ."

ಜೊತೆಗಿದ್ದ ಇಬ್ಬರೂ ನಕ್ಕರು. ಪ್ರಿನ್ಸಿಪಾಲರು ಅವರಿಗಿಂತ ಸ್ವಲ್ಪ ಹೆಚ್ಚೇ ನಕ್ಕು, "ಮೇಲ್ಗಡೆ ರೋಬೋಟ್ ರೆಡಿ ಇದೆ ಸಾರ್" ಅಂದರು. ಆ ರೋಬೋಟನ್ನು ಎಲ್ಲಿಂದಲೋ ಬಾಡಿಗೆಗೆ ತಂದಿದ್ದರು. ಬಾಗಿಲ ಹತ್ತಿರ ಯಾರು ಬಂದರೂ ಕೈಮುಗಿದು ನಮಸ್ಕಾರ ಎನ್ನುತ್ತದೆ, ಬೇರೇನೂ ಮಾಡುವುದಿಲ್ಲ. ಅದಕ್ಕೂ ಒಂದು ಶಾಲು ಹೊದಿಸಿದ್ದರು.

"ಒಂದ್ ನಿಮಿಷ ಸಾರ್, ಒರೆಸಿಬಿಡ್ತೀನಿ" ಎಂದೆ.

"ನಿಧಾನವಾಗಿ ಮಾಡಿ, ಏನ್ ಅವಸರ" ಎಂದು ಅಧ್ಯಕ್ಷರು ತುಂಬ ಪ್ರೀತಿಯಿಂದ ಹೇಳಿ ಎದ್ದರು. ಹೋಗುವಾಗ ಮತ್ತೆ ಕಿಟಕಿ ನೋಡಿದರು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ನಿಂತಿತು, ಮೇಲೆ ರೋಬೋಟು ನಮಸ್ಕಾರ ಅಂದಿತು, ಚಪ್ಪಾಳೆ ಕೇಳಿಸಿತು.

ಕಾರ್ಟ್ರಿಜ್ ಹೊರಗೆ ಎಳೆದು, ಕರ್ಚೀಫಿನ ಮೂಲೆಯಿಂದ ಅದರ ಕಾಲುಗಳನ್ನು ಉಜ್ಜಿದೆ. ಸೀಳಿನೊಳಗೆ ಊದಿದೆ. ಬಿಳಿ ಬಟ್ಟೆಯ ಮೇಲೆ ಕೆಂಪಗೆ ಒಂದು ಗೀಟು ಬಂತು. ತುಕ್ಕು ಎಂದುಕೊಂಡೆ. ಚಿನ್ನದ ಲೇಪವಿರುವ ಕಾಲಿಗೆ ತುಕ್ಕು ಹಿಡಿಯುವುದಿಲ್ಲವೆಂದು ವರ್ಷವರ್ಷವೂ ಪಾಠ ಮಾಡಿದವನು ಆ ಹೊತ್ತಿಗೆ ಅದನ್ನೂ ಮರೆತಿದ್ದೆ. ಮತ್ತೆ ತೂರಿಸಿ ಸ್ವಿಚ್ಚು ಹಾಕಿದಾಗ ಹೆಸರು ಮೇಲಿನಿಂದ ಇಳಿಯಿತು, ಟಿಣ್ ಎಂದಿತು, ಬಸ್ಸು ಬಂತು. ಖಾಲಿ ಕುರ್ಚಿಗಳ ಎದುರಿಗೆ, ಗೋಡೆಯಷ್ಟಗಲದ ಕೆಂಗೇರಿ ಬಸ್ಸು. ಜನ ಬಾಗಿಲಲ್ಲಿ ನೇತಾಡಿದರು. ಹುಡುಗಿ ಗುಂಡಿ ಒತ್ತಲಿಲ್ಲ, ಹಾಗಾಗಿ ಬಸ್ಸು ಕದಲದೆ ನಿಂತಿತು.

"ಚೆನ್ನಾಗಿದೆ ಕಣಮ್ಮ" ಅಂದೆ. ಮೊದಲ ಸಲ.

"ಥ್ಯಾಂಕ್ಸ್ ಸಾರ್." ಅವಳು ಸ್ವಿಚ್ಚು ಆರಿಸಿ, "ಸಾರ್, ರೋಬೋಟ್ ಟೀಮ್‌ಗೆ ಬಾ ಅಂತ ಪ್ರಿನ್ಸಿ ಸಾರ್ ಹೋದ್ವಾರನೇ ಕರೆದಿದ್ರು. ನಿಮ್ಮ ಡೆಮೊ ಆಗ್ಲಿ ಅಂತ ಸುಮ್ನಿದ್ದೆ. ಹೋಗ್ಲಾ ಸಾರ್?"

"ಅದು ನಮಸ್ಕಾರ ಬಿಟ್ಟು ಇನ್ನೇನೂ ಮಾಡಲ್ಲ."

"ಗೊತ್ತು ಸಾರ್. ಅದಕ್ಕೇ ಕರೀತಿರೋದು, ಏನಾದ್ರೂ ಮಾಡಿಸೋಕೆ."

"ಹೋಗಮ್ಮ" ಎಂದೆ. ಅವಳು ಬೇಕಾದರೆ ಅದಕ್ಕೆ ಏಳೆಂಟಲೆ ಕಲಿಸಿಯಾಳು.

ಮಧ್ಯಾಹ್ನ ಪ್ರಿನ್ಸಿಪಾಲರು ಕೋಣೆಗೆ ಕರೆಸಿದರು. ಲ್ಯಾಬಿನ ಕಿಟ್ಟುಗಳನ್ನು ಡಬ್ಬಕ್ಕೆ ತುಂಬಿಸಬೇಕು, ಸೋಮವಾರ ಗಾಜಿನವರು ಬರುತ್ತಾರೆ ಎಂದರು. "ನಿಮ್ ಡೆಮೊ ಒಂದು ಸರಿಯಾಗಿ ಓಡಿದ್ದಿದ್ರೆ ನಾನೇ ಮಾತಾಡ್ತಿದ್ದೆ ಸಾರ್. ಈಗ ಏನಂತ ಮಾತಾಡ್ಲಿ ಹೇಳಿ." ಗಾಜಿನವರು ಅಳತೆ ಯಾವಾಗ ತೆಗೆದುಕೊಂಡರೆಂದು ನಾನು ಕೇಳಲಿಲ್ಲ. ಓಡಿದ್ದಿದ್ದರೂ ಗಾಜು ಬರುತ್ತಿತ್ತೋ ಏನೋ. ಆದರೆ ಓಡಿದ್ದಿದ್ದರೆ ಅವರು ನನಗೆ ಬೇರೆ ಕಾರಣ ಹುಡುಕಿ ಹೇಳಬೇಕಾಗುತ್ತಿತ್ತು. ಆ ಕಷ್ಟವನ್ನೂ ನಾನು ಅವರಿಗೆ ತಪ್ಪಿಸಿದ್ದೆ.

ಈಗ ನಾನು ಫೋನು ಮಾಡುವ ವಿಭಾಗದಲ್ಲಿದ್ದೇನೆ. ನಮಸ್ಕಾರ, ನಿಮ್ಮ ಮಗು ಎಷ್ಟು ತೆಗೆದಿದೆ ಎಂದು ಕೇಳುತ್ತೇನೆ. ಎದುರುಗಡೆಯವರು ಬೈದು ಇಟ್ಟರೆ ಆ ದಿನವೆಲ್ಲ ಯಾಕೆ ಬೈದರು ಎಂದು ಯೋಚಿಸುತ್ತೇನೆ. ಬೈಯದೆ ಇಟ್ಟರೆ ಯಾಕೆ ಬೈಯಲಿಲ್ಲ ಎಂದು ಯೋಚನೆಯಾಗುತ್ತದೆ. ಕೂತಲ್ಲಿಂದ ಗಾಜಿನ ಕೋಣೆ ಕಾಣುತ್ತದೆ. ಬಣ್ಣದ ಕುರ್ಚಿಗಳ ಮೇಲೆ ಯಾರೂ ಕೂರುವುದಿಲ್ಲ, ಬೆಳಕು ಮಾತ್ರ ಚೆನ್ನಾಗಿ ಬೀಳುತ್ತದೆ.

ಪ್ರಾತ್ಯಕ್ಷಿಕೆಯ ಆ ಸಂಜೆ ಮನೆಗೆ ಬಂದು ಚೀಲ ಇಳಿಸಿದಾಗ ಹೆಂಡತಿ ಕಾಫಿ ಕೊಟ್ಟಳು. ಏನಾಯಿತೆಂದು ನನ್ನ ಮುಖದಿಂದ ಅವಳಿಗೆ ತಿಳಿಯಲಿಲ್ಲ. ನನ್ನ ಮುಖ ಯಾವಾಗಲೂ ಹಾಗೇ ಇರುವುದರ ಲಾಭ ಇದು.

"ಓಡ್ತಾ?" ಅಂದಳು.

"ಓಡ್ತು" ಅಂದೆ. ಓಡಿತ್ತಲ್ಲ, ಸುಳ್ಳೇನಲ್ಲ.

ಅವಳ ಮುಖ ಅರಳಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ವಿಷಯಕ್ಕೆ ಅವಳು ಅಷ್ಟು ಹಗುರಾಗಿದ್ದನ್ನು ನೋಡಿರಲಿಲ್ಲ. ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಬೈಬೇಡಿ ಮತ್ತೆ. ನಂಗೂ ಇಂಥದ್ರಲ್ಲಿ ನಂಬಿಕೆ ಇಲ್ಲ, ನಿಮಗೇ ಗೊತ್ತು. ಆದ್ರೆ ನಿಮ್ ಸಂಕಟ ನೋಡಕ್ಕಾಗ್ಲಿಲ್ಲ ಕಣ್ರೀ. ಬೆಳಿಗ್ಗೆ ನೀವು ಸ್ನಾನಕ್ ಹೋದಾಗ ಅದನ್ನ ಚೀಲದಿಂದ ತೆಗೆದು ದೇವರ ಮುಂದೆ ನಿಲ್ಸಿದೆ. ಮೇಲ್ಗಡೆ ಇಟ್ರೆ ನೀವು ಕಂಡ್ಕೂಡ್ಲೇ ಒರೆಸಿ ಹಾಕ್ತೀರ. ಅದರ ನೆತ್ತಿ ಮೇಲೆ ಒಂದು ಸೀಳಿದೆಯಲ್ಲ, ಅದ್ರೊಳಗೆ ಹಾಕ್ದೆ, ಒಂದೇ ಒಂದು ಚಿಟಿಕೆ ಕುಂಕುಮ."